ಹಲಗಿ ಬೇಕು, ಹಲಗಿಯವ ಬ್ಯಾಡೇನು?



ಮೊನ್ನೆ ಆಫೀಸಿನಾಗ ಒಬ್ಬ ಹುಡುಗ ಕೇಳಿದ, "ಸರ್, ನಮ್ಮ ಜಮಖಂಡಿ ಕಡೆ ರಾಕ್ ಬ್ಯಾಂಡ್ ಯಾಕಿಲ್ರಿ?" ಐತಲ್ಲೋ ಅಂದೆ. ಬೆಂಕಿಗೆ ಹಲಗಿ ಕಾಸಿ, ಚರ್ಮ ಬಿಗಿ ಮಾಡಿ, ರಾತ್ರಿಯಿಡೀ ಕುಣೀತಾ ಬಾರಿಸೋ ನಮ್ಮ ಓಣಿ ಮ್ಯಾಳ ರಾಕ್ ಅಲ್ದ ಮತ್ತೇನು? ಮೈಕ್ ಇಲ್ದ ಊರು ಎಬ್ಬಿಸ್ತಾರ.

ಮುಧೋಳ, ಬೀಳಗಿ, ಬನಹಟ್ಟಿ, ಎಲ್ಲೇ ಮೆರವಣಿಗಿ ಇರಲಿ, ಈಗ ಡಿಜೆ. ಆ ಡಿಜೆ ಹಾಡಿನಾಗ ಕೇಳೋದೇನ್ರಿ? ಪ್ಯಾಡಿನಾಗ ತುಂಬಿದ ಹಲಗಿ ಸದ್ದು! ಬಾರಿಸೋನು ನೆನಪಾಗೋದು ಸಾವಿನ ಮನಿಯಾಗ. ಅಲ್ಲಿ ಕೊಡೋದಕ್ಕೂ ಸಂಭಾವನೆ ಅನ್ನಂಗಿಲ್ಲ, ಕುಡಿಯಾಕ ರೊಕ್ಕ ಅಂತಾರ.

2018ರ ಜನವರಿಯಲ್ಲಿ ಚೆನ್ನೈನಲ್ಲಿ ಪಾ. ರಂಜಿತ್, ತೆನ್ಮಾ ಸೇರಿ 'ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ಬ್ಯಾಂಡನ್ನು ವೇದಿಕೆಗೆ ತಂದರು. ನಮ್ಮ ಹಲಗಿಯ ಅಣ್ಣನಂಥ ಪರೈ ಗಿಟಾರ್ ಪಕ್ಕದಾಗ ನಿಂತು ಗುಡುಗಿತು. ಮೀಸಲಾತಿ ಮೇಲೂ ಹಾಡು ಕಟ್ಟಿದರು. ನಮ್ಮಲ್ಲಿ ಚಿಕ್ಕಬಳ್ಳಾಪುರದ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ಖುಷಿನೇ. ಆದ್ರ ಉಳಿದವರನ್ನ ಉತ್ಸವದ ಮೆರವಣಿಗಿ ಮುಂದ ಬಿಸಿಲಾಗ ನಡೆಸಿ, ರಾತ್ರಿ ವೇದಿಕೆಯನ್ನ ಬೆಂಗಳೂರಿನ ಆರ್ಕೆಸ್ಟ್ರಾಕ್ಕ ಕೊಡೋದು ಯಾವ ನ್ಯಾಯ?

ಹಲಗಿನೇ ಬಿಡ್ರಿ, ಅದು ಗುಲಾಮಗಿರಿ ಅಂತ ನಮ್ಮವರೇ ಹೇಳ್ತಾರ. ಅವರ ನೋವು ಗೊತ್ತು, ನಮ್ಮಪ್ಪನೂ ಅದನ್ನೇ ಅಂತಿದ್ದ. ನಾನು ಹೇಳೋದು, ಬಿಟ್ಟಿ ಬಾರಿಸೋದು ಬಿಡೋಣ, ಹಲಗಿ ಯಾಕ ಬಿಡೋಣ? ಈ ಸಲ ಉತ್ಸವ ಸಮಿತಿಗೆ ಮನವಿ ಕೊಡೋಣ: ಮುಖ್ಯ ವೇದಿಕೆ, ಒಂದು ತಾಸು, ಕಲಾವಿದರ ಹೆಸರಿಗೇ ಚೆಕ್. ಸಹಿ ಹಾಕೋರು ಕಾಮೆಂಟಿನಾಗ ಊರ ಹೆಸರು ಬರೀರಿ.