ಉರಿಗಾಂ: ಮನೆ ಬಾಗಿಲಿಗೆ ಬಂದ ಕುಟುಂಬ ಯೋಜನೆ, ಮನೆಯಲ್ಲಿಲ್ಲದ ಮಹಿಳೆ

ಉರಿಗಾಂ: ಮಾರಿಕುಪ್ಪಂನಿಂದ ಹೊರಟು ಉರಿಗಾಂ, ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರು ಸೇರುವ ಮುಂಜಾನೆಯ ರೈಲುಗಳೇ ಈಗ ಚಿನ್ನದ ಗಣಿ ಪ್ರದೇಶದ ಜೀವನಾಡಿ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದ ಬಳಿಕ ಗಂಡಸರ ಜತೆಗೆ ಹೆಂಗಸರೂ ದುಡಿಮೆಗಾಗಿ ರೈಲು ಹತ್ತಿದರು. ಕಾರ್ಮಿಕರ ಲೈನುಗಳಿಗೆ ಆಸರೆಯಾಗಿದ್ದ ಕಂಪನಿಯ ಆಸ್ಪತ್ರೆ ಗಣಿಯ ಜತೆಗೇ ಸೊರಗಿತು. ಹೆರಿಗೆ, ಲಸಿಕೆ, ಕುಟುಂಬ ಯೋಜನೆ ಎಲ್ಲವೂ ಸರ್ಕಾರಿ ಆರೋಗ್ಯ ಕೇಂದ್ರ ಹಾಗೂ ಆಶಾ ಕಾರ್ಯಕರ್ತೆಯರ ಪಾಲಿಗೆ ಬಂದವು.

ಈ ವಿಷಯದಲ್ಲಿ ರಾಜ್ಯದ ಇತಿಹಾಸ ಕಡಿಮೆಯದೇನಲ್ಲ. ಮೈಸೂರು ಸಂಸ್ಥಾನವು 1930ರಲ್ಲಿಯೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಮಂಜೂರಾತಿ ನೀಡಿತ್ತು. ಜಗತ್ತಿನ ಬಹುತೇಕ ಸರ್ಕಾರಗಳು ಆಗ ಈ ಮಾತೆತ್ತಲೂ ಹಿಂಜರಿಯುತ್ತಿದ್ದವು. 2019-21ರ ಸಮೀಕ್ಷೆಯ ವೇಳೆಗೆ ರಾಜ್ಯದ ಒಟ್ಟು ಫಲವಂತಿಕೆ ದರ 1.7ಕ್ಕೆ ಇಳಿದಿತ್ತು. ಜನಸಂಖ್ಯೆ ಸ್ಥಿರವಾಗಿರಲು ಬೇಕಾದ 2.1ಕ್ಕಿಂತ ಇದು ಕಡಿಮೆ. ಅಂಕಿಯನ್ನಷ್ಟೇ ನೋಡಿದರೆ ಕಾರ್ಯಕ್ರಮ ಗೆದ್ದಿದೆ.

ಗೆಲುವಿನ ಬೆಲೆ ತೆತ್ತವರು ಯಾರು ಎಂಬುದು ಬೇರೆ ಪ್ರಶ್ನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದಾರೆ. ಪುರುಷರ ಶಸ್ತ್ರಚಿಕಿತ್ಸೆಯ ಪ್ರಮಾಣ ಶೂನ್ಯಕ್ಕೆ ಸಮೀಪದಲ್ಲಿದೆ. ಹೊಟ್ಟೆ ಕೊಯ್ಯದೆ, ಕೆಲವೇ ನಿಮಿಷಗಳಲ್ಲಿ ಮುಗಿದು ಅಂದೇ ಮನೆಗೆ ಮರಳಬಹುದಾದ ವಿಧಾನವನ್ನು ಗಂಡಸರು ಮುಟ್ಟುತ್ತಿಲ್ಲ. ತುರ್ತು ಪರಿಸ್ಥಿತಿಯ ಕಾಲದ ಬಲವಂತ ಇದಕ್ಕೆ ಒಂದು ಕಾರಣ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಅಧಿಕ ಶಸ್ತ್ರಚಿಕಿತ್ಸೆಗಳು ನಡೆದವು, ಬಹುಪಾಲು ಪುರುಷರ ಮೇಲೆ. ಆ ಭಯ ಮಾಸಿದರೂ ಶಕ್ತಿಗುಂದುತ್ತದೆಂಬ ಮೂಢನಂಬಿಕೆ ಉಳಿದಿದೆ. ಮಡದಿಯೇ ಮಾಡಿಸಿಕೊಳ್ಳಲಿ ಎಂಬ ಅನುಕೂಲದ ವಾದವೂ ಉಳಿದಿದೆ.

ಶಸ್ತ್ರಚಿಕಿತ್ಸೆಯೊಂದೇ ದಾರಿಯಾಗಬಾರದೆಂದು 2011ರಲ್ಲಿ ಕೇಂದ್ರ ಸರ್ಕಾರ ಆಶಾ ಕಾರ್ಯಕರ್ತೆಯರ ಮೂಲಕ ನಿರೋಧ್, ಗುಳಿಗೆಗಳನ್ನು ಮನೆ ಬಾಗಿಲಿಗೆ ತಲುಪಿಸುವ ಯೋಜನೆ ಆರಂಭಿಸಿತು. ಮೂರು ನಿರೋಧ್‌ಗಳ ಪೊಟ್ಟಣಕ್ಕೆ ಒಂದು ರೂಪಾಯಿ. 2017ರಲ್ಲಿ ಮೂರು ತಿಂಗಳಿಗೊಮ್ಮೆ ಪಡೆಯುವ ‘ಅಂತರಾ’ ಚುಚ್ಚುಮದ್ದು ಸೇರಿತು. ಎರಡು ಹೆರಿಗೆಗಳ ನಡುವೆ ಅಂತರ ಬಯಸುವ ಯುವ ದಂಪತಿಗೆ ಇವು ನಿಜಕ್ಕೂ ಉಪಯುಕ್ತ.

ಆದರೆ ಮನೆ ಬಾಗಿಲು ಎಂಬ ಕಲ್ಪನೆಯೇ ಉರಿಗಾಂನಂಥ ಕಡೆ ಎಡವುತ್ತದೆ. ಆಶಾ ಕಾರ್ಯಕರ್ತೆ ಮನೆಮನೆ ಸುತ್ತುವ ಹಗಲಿನಲ್ಲಿ ದುಡಿಯುವ ಮಹಿಳೆ ಬೆಂಗಳೂರಿನಲ್ಲಿರುತ್ತಾಳೆ. ಮನೆಯಲ್ಲಿರುವವರು ಅತ್ತೆ ಮತ್ತು ಮಕ್ಕಳು; ಪೊಟ್ಟಣವನ್ನು ಅವರ ಕೈಗೆ ಕೊಟ್ಟು ಬರುವಂತಿಲ್ಲ. ಒಂದಕ್ಕೊಂದು ಆತುಕೊಂಡ ಲೈನು ಮನೆಗಳಲ್ಲಿ ಗುಟ್ಟಿನ ಮಾತಿಗೂ ಎಡೆಯಿಲ್ಲ. ಮೂರು ತಿಂಗಳಿಗೊಮ್ಮೆಯ ಚುಚ್ಚುಮದ್ದಿಗಾಗಿ ಒಂದು ದಿನದ ಕೂಲಿ ಬಿಡುವುದಕ್ಕಿಂತ ಒಮ್ಮೆಗೇ ಶಸ್ತ್ರಚಿಕಿತ್ಸೆ ಮುಗಿಸಿಕೊಳ್ಳುವುದು ಲೇಸೆಂದು ಆಕೆ ಲೆಕ್ಕ ಹಾಕಿದರೆ ತಪ್ಪೆನ್ನಲಾಗದು.

ನಗರ ಆರೋಗ್ಯ ಅಭಿಯಾನ 2013ರಲ್ಲಿ ಜಾರಿಗೆ ಬಂದಾಗಲೇ ಸಂಜೆ ಹೊರರೋಗಿ ಸೇವೆಗೆ ಅವಕಾಶ ಕಲ್ಪಿಸಲಾಗಿತ್ತು. ಚುಚ್ಚುಮದ್ದು ಹಾಗೂ ಸಮಾಲೋಚನೆಯನ್ನು ರೈಲು ಮರಳುವ ಹೊತ್ತಿಗೆ ಹೊಂದಿಸಲು ಹೊಸ ಕಾಯ್ದೆ ಬೇಕಿಲ್ಲ. ಸಂಜೆಯೂ ದುಡಿಯುವ ಆಶಾ ಕಾರ್ಯಕರ್ತೆಗೆ ಅದಕ್ಕೆ ತಕ್ಕ ಗೌರವಧನ ಬೇಕು. ಭಾನುವಾರ ಮನೆಯಲ್ಲಿರುವ ಗಂಡಸರೊಡನೆ ಮಾತನಾಡಲು ಪುರುಷ ಆರೋಗ್ಯ ಕಾರ್ಯಕರ್ತರೂ ಬೇಕು.