ವಾರಕ್ಕೊಂದೇ ಗಾಡಿ, ತಪ್ಪಿದರೆ ಏಳು ದಿನ ಗೋವಿಂದಾ!

ಸ್ಟೇಟ್ ಬ್ಯಾಂಕ್ ಸ್ಟ್ಯಾಂಡಿನಲ್ಲಿ ಒಂದು ಬಸ್ಸು ತಪ್ಪಿದರೆ ಕಂಡಕ್ಟರ್ ಇನ್ನೊಂದಕ್ಕೆ ಕರೆದು ಹತ್ತಿಸುತ್ತಾನೆ. ಮಂಗಳೂರು ಸೆಂಟ್ರಲಿನಿಂದ ಕಟ್ರಾಕ್ಕೆ ಹೋಗುವ ನವಯುಗ ಎಕ್ಸ್‌ಪ್ರೆಸ್ ತಪ್ಪಿತೋ, ಮುಂದಿನ ವಾರದ ತನಕ ಪೆಟ್ಟಿಗೆ ಬಿಚ್ಚಿ ಮನೆಯಲ್ಲೇ ಕೂರಬೇಕು.

ಮೂರೂವರೆ ಸಾವಿರ ಕಿ.ಮೀ. ಮೀರಿದ ಹಾದಿ. ಮೂರು ರಾತ್ರಿ ಗಾಡಿಯಲ್ಲೇ ನಿದ್ದೆ. ಮೊದಲು ಜಮ್ಮುವಿಗೆ ಹೋಗುತ್ತಿದ್ದ ಗಾಡಿ, 2014ರ ಜುಲೈಯಲ್ಲಿ ಕಟ್ರಾಕ್ಕೆ ಹಳಿ ತೆರೆದ ಬಳಿಕ ವೈಷ್ಣೋದೇವಿಯ ಬುಡಕ್ಕೇ ಹೋಗುವಂತಾಯ್ತು. ಒಳ್ಳೇದೇ. ಆದರೆ ಹೋಗುವ ದಾರಿ ನೋಡಿ! ನೇತ್ರಾವತಿ ಸೇತುವೆ ದಾಟಿ, ಉಳ್ಳಾಲ ಕಳೆದು, ಮಂಜೇಶ್ವರ ಬಂದರೆ ಕರ್ನಾಟಕ ಮುಗೀತು. ಆಮೇಲೆ ಕೋಯಿಕ್ಕೋಡ್, ಪಾಲಕ್ಕಾಡ್, ಕೊಯಮತ್ತೂರು, ಸೇಲಂ, ವಿಜಯವಾಡ, ನಾಗಪುರ, ಭೋಪಾಲ್, ದೆಹಲಿ. ಉತ್ತರಕ್ಕೆ ಹೋಗುವವನು ಮೊದಲ ರಾತ್ರಿಯಿಡೀ ದಕ್ಷಿಣಕ್ಕೂ ಪೂರ್ವಕ್ಕೂ ಓಡುತ್ತಾನೆ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದರಂತೆ ಅನ್ನುವ ಗಾದೆ ಹಳೇದು. ಇದು ಕೊಂಕಣವನ್ನೇ ಬಿಟ್ಟು ಪಾಲಕ್ಕಾಡ್ ಸುತ್ತುವ ಹೊಸ ಗಾದೆ.

ಕೊಂಕಣ ರೈಲು 1998ರಲ್ಲೇ ಶುರುವಾಗಿದೆ. ಆ ದಾರಿಯಲ್ಲಿ ದೆಹಲಿಗೆ ನೂರಾರು ಕಿ.ಮೀ. ಉಳಿತಾಯ. ದೆಹಲಿಗಷ್ಟೇ ಹೋಗುವವರು ಜಂಕ್ಷನಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹಿಡಿಯುತ್ತಾರೆ, ಅವರಿಗೆ ನವಯುಗದ ಹಂಗಿಲ್ಲ. ತೊಂದರೆ ಅದರಾಚೆ ಹೋಗುವವರಿಗೆ. ನಿಜಾಮುದ್ದೀನಿನಲ್ಲಿ ಇಳಿದು, ಮುದುಕರನ್ನೂ ಮಕ್ಕಳನ್ನೂ ಗಂಟುಮೂಟೆಯನ್ನೂ ಹೊತ್ತು, ಇನ್ನೊಂದು ಸ್ಟೇಷನ್ ಹುಡುಕಿ, ಇನ್ನೊಂದು ಗಾಡಿ ಹತ್ತಬೇಕು. ಸುಳ್ಯದ ಕಡೆಯ ಜವಾನನಿಗೋ ರಜೆ ಮುಗಿಯುವ ದಿನವೊಂದು, ಗಾಡಿ ಹೊರಡುವ ದಿನ ಇನ್ನೊಂದು. ಗಾಡಿಗೆ ಹೊಂದಿಸಿ ಹೊರಟರೆ ಮನೆಯಲ್ಲಿ ಇರಬೇಕಾದ ನಾಲ್ಕೈದು ದಿನ ಖೋತಾ. ಅಂಗಡಿಗೆ ಬಾಗಿಲು ಹಾಕಿ ಯಾತ್ರೆಗೆ ಹೊರಟ ಹಂಪನಕಟ್ಟೆಯ ವ್ಯಾಪಾರಿಯ ಲೆಕ್ಕವೂ ಹೀಗೇ.

ಟಿಕೆಟಿನ ಕತೆ ಬೇರೆ. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳೀತು. ದಿನದ ಗಾಡಿಗೆ ಅದರಿಂದ ಅಡ್ಡಿಯಿಲ್ಲ, ಅರುವತ್ತು ಗಾಡಿ ಕಣ್ಣೆದುರು ಇರುತ್ತೆ. ವಾರದ ಗಾಡಿಗೆ? ಎಂಟೋ ಒಂಬತ್ತೋ. ಅಷ್ಟರಲ್ಲೇ ಇಡೀ ಸಂಸಾರಕ್ಕೆ ಒಂದೇ ಡಬ್ಬಿಯಲ್ಲಿ ಸೀಟು ಸಿಗಬೇಕು.

ದಿನಾ ಬಿಡಿ ಅನ್ನುವುದು ಸುಲಭ. ಹೋಗಿ, ತೊಳೆದು, ಬಂದು, ಮತ್ತೆ ಹೊರಡಲು ಒಂದು ರೇಕಿಗೆ ವಾರವೇ ಹಿಡಿಯುತ್ತೆ. ದಿನಾ ಓಡಿಸಲು ಏಳು ರೇಕು ಬೇಕು. ಅಷ್ಟು ಕೇಳಿದರೆ ರೈಲ್ವೆಯವರು ನಗುತ್ತಾರೆ, ನಗಲಿ. ಒಂದೇ ಒಂದು ರೇಕು ಹೆಚ್ಚಿಗೆ ಕೊಟ್ಟರೆ ವಾರಕ್ಕೆರಡು ಆಗುತ್ತಲ್ಲ, ಅದಕ್ಕೇನು ಉತ್ತರ? ಹಳೇ ದಾರಿಯನ್ನು ತಪ್ಪಿಸುವುದೂ ಬೇಡ, ವಿಜಯವಾಡ, ನಾಗಪುರಕ್ಕೆ ಹೋಗುವವರಿಗೆ ಅದೇ ಅನುಕೂಲ. ಎರಡನೆಯದನ್ನು ಉಡುಪಿ, ಕುಂದಾಪುರ, ಕಾರವಾರದ ಮೇಲೆ ಬಿಡಲಿ. ಕೊಂಕಣದಲ್ಲಿ ಬಹುಪಾಲು ಒಂಟಿ ಹಳಿ, ಮಳೆಗಾಲದಲ್ಲಿ ಗಾಡಿಗಳು ನಿಧಾನ ಅನ್ನೋದು ನಿಜವೇ. ಆದರೂ ವಾರಕ್ಕೊಂದು ಗಾಡಿಗೆ ಜಾಗ ಇಲ್ಲ ಅಂದರೆ ನಂಬೋದು ಕಷ್ಟ.

2003ರಲ್ಲಿ ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆ ಹುಟ್ಟಿದಾಗ ಮಂಗಳೂರು ಅದಕ್ಕೆ ಸೇರದೆ ಪಾಲಕ್ಕಾಡ್ ವಿಭಾಗದಲ್ಲೇ ಉಳೀತು. ಹಾಗಾಗಿ ಅರ್ಜಿ ಹೋಗಬೇಕಾದ್ದು ಚೆನ್ನೈಗೆ, ಗಾಡಿ ಓಡಬೇಕಾದ್ದು ಕೊಂಕಣದ ಹಳಿಯಲ್ಲಿ, ತೀರ್ಮಾನ ಆಗಬೇಕಾದ್ದು ದೆಹಲಿಯಲ್ಲಿ. ಈ ಮೂರೂ ಬಾಗಿಲು ತಟ್ಟಬೇಕಾದವರು ಸಂಸದರು. ಮುಂದಿನ ವೇಳಾಪಟ್ಟಿ ಅಚ್ಚಾಗುವ ಮೊದಲೇ ತಟ್ಟಲಿ.