ಗುಳೆ ಹೊರಡುವ ಮುಂಚೆ ಕೇಳಬೇಕಾದ ಮಾತು

ಮೆಕ್ಕೆಜೋಳದ ಒಕ್ಕಲು ಮುಗಿಯುತ್ತಿದ್ದಂತೆ ಹಲವಾಗಲು, ಹರಪನಹಳ್ಳಿ ಸೀಮೆಯ ಊರು ತಾಂಡಾಗಳಿಂದ ಗುಳೆ ಶುರುವಾಗುತ್ತದೆ. ಮಂಡ್ಯದ ಕಬ್ಬು, ಬೆಂಗಳೂರಿನ ಕಟ್ಟಡ, ಚಿಕ್ಕಮಗಳೂರು ಕೊಡಗಿನ ಕಾಫಿ ತೋಟ. ಮೇಸ್ತ್ರಿ ಬಂದು ಕೂಲಿ ಇಷ್ಟು, ಮುಂಗಡ ಇಷ್ಟು, ಇರೋಕೆ ಲೈನ್ ಮನೆ ಕೊಡ್ತಾರೆ ಎನ್ನುತ್ತಾನೆ. ಆ ಮನೆಯಿಂದ ಯಾರು, ಯಾವಾಗ ಹೊರಗೆ ಹಾಕಬಹುದು ಎಂದು ಅವನು ಹೇಳುವುದಿಲ್ಲ. ನಮ್ಮವರೂ ಕೇಳುವುದಿಲ್ಲ. ಈ ಸಲ ಕೇಳಲೇಬೇಕು.

ತೋಟದ ಮಾಲೀಕರ ಸಾಲುಮನೆಯಾದ ಈ ಲೈನ್ ಮನೆಯಲ್ಲಿ ಕೂಲಿ ಮತ್ತು ಸೂರು ಒಂದೇ ಹಗ್ಗಕ್ಕೆ ಕಟ್ಟಿರುತ್ತವೆ. ಕೆಲಸ ಹೋದರೆ ಅದೇ ಸಂಜೆ ಪಾತ್ರೆ ಪಡಗ ಅಂಗಳಕ್ಕೆ ಬೀಳಬಹುದು. ಮುಂಗಡ ತೀರಿಲ್ಲವಾದರೆ ಕಥೆ ತಿರುಗುಮುರುಗು, ಹೊರಗೆ ಹೋಗಲಿಕ್ಕೇ ಬಿಡುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜೇನುಗದ್ದೆಯಲ್ಲಿ ದಲಿತ ಕೂಲಿಕಾರರನ್ನು ಸಾಲದ ಹಣಕ್ಕಾಗಿ ಕೂಡಿಹಾಕಿದ್ದರೆಂಬ ದೂರು ಪೊಲೀಸರವರೆಗೆ ಹೋಯಿತು. 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಗುಡಿಸಲು ಕಳೆದುಕೊಂಡ ಆದಿವಾಸಿಗಳಲ್ಲಿ ಅನೇಕರು ತೋಟದ ಲೈನ್ ಮನೆಗಳಿಂದ ಬಂದವರೇ. ವರ್ಷಗಟ್ಟಲೆ ದುಡಿದ ತೋಟದಲ್ಲಿ ಅವರ ಹೆಸರಿಗೆ ಒಂದು ಗೋಡೆಯೂ ಇರಲಿಲ್ಲ.

ಕಾನೂನು ಇಲ್ಲವೆಂದಲ್ಲ. ಅದರ ಕಿಂಡಿಗಳಲ್ಲೇ ನಮ್ಮವರು ಜಾರಿ ಬೀಳುತ್ತಾರೆ. ತೋಟ ಕಾರ್ಮಿಕರಿಗೆ ಮನೆ ಕೊಡಬೇಕೆಂದ 1951ರ ಕಾಯ್ದೆ ಮುಟ್ಟಿದ್ದು 5 ಹೆಕ್ಟೇರ್, 15 ಕಾರ್ಮಿಕರ ಮೇಲ್ಪಟ್ಟ ತೋಟಗಳನ್ನು. ಕರ್ನಾಟಕದ ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿಯವರು. ವಲಸೆ ಕಾರ್ಮಿಕರ ವಸತಿಯ ಹೊಣೆಯನ್ನು ಗುತ್ತಿಗೆದಾರನ ಮೇಲೆ ಹೊರಿಸಿದ 1979ರ ಕಾಯ್ದೆ ರಾಜ್ಯದ ಗಡಿ ದಾಟಿದವರಿಗಷ್ಟೇ ಅನ್ವಯಿಸುತ್ತಿತ್ತು. ಹರಪನಹಳ್ಳಿಯಿಂದ ಮೂಡಿಗೆರೆಗೆ ಹೋದವರು ಗಡಿ ದಾಟಿದವರಲ್ಲ. ಇನ್ನೊಂದು ನೋವಿನ ಸಂಗತಿಯಿದೆ. ಪರರ ಜಮೀನಿನಲ್ಲಿ ವಾಸವಿದ್ದ ಕೃಷಿ ಕೂಲಿಗೆ ಆ ಮನೆಯನ್ನೇ ಕೊಡಿಸಿದ ನಮ್ಮ ಭೂಸುಧಾರಣಾ ಕಾಯ್ದೆಯ 38ನೇ ಕಲಮು ತೋಟಗಳಿಗೆ ಅನ್ವಯಿಸದು.

ಕಂಪನಿ ನೌಕರರ ವಿಷಯ ನೋಡಿ. ಕ್ವಾರ್ಟರ್ಸ್ ಬಿಡದ ನೌಕರನ ಮೇಲೆ ಕಂಪನಿ ಕಾಯ್ದೆಯ 452ನೇ ಕಲಮಿನಡಿ ಮೊಕದ್ದಮೆ ಹೂಡಬಹುದು. ಆದರೆ ಅವನ ಭವಿಷ್ಯ ನಿಧಿ, ಗ್ರಾಚ್ಯುಟಿ ಬಾಕಿಯಿದ್ದರೆ ಜೈಲಿಗೆ ಕಳಿಸುವಂತಿಲ್ಲ. ಲೆಕ್ಕ ಚುಕ್ತಾ ಮಾಡದೆ ಮನೆ ಬಿಡಿಸುವುದು ಅನ್ಯಾಯವೆಂದು ಅಲ್ಲಿ ಒಪ್ಪಿದ ಮೇಲೆ ಲೈನ್ ಮನೆಗೆ ಏಕೆ ಬೇರೆ ನ್ಯಾಯ? ಮುಂದಿನ ಹಂಗಾಮಿನವರಿಗೆ ಮನೆ ಎಲ್ಲಿಂದ ತರೋಣ ಎಂಬ ಬೆಳೆಗಾರರ ತೊಂದರೆ ನಿಜವೇ. ಅದಕ್ಕೆ ಮದ್ದು ಲಿಖಿತ ಗಡುವು, ರಾತ್ರೋರಾತ್ರಿ ಹೊರದಬ್ಬುವುದಲ್ಲ.

2025ರ ನವೆಂಬರ್ 21ರಿಂದ ಜಾರಿಯಾದ ಔದ್ಯೋಗಿಕ ಸುರಕ್ಷತಾ ಸಂಹಿತೆ ಹಳೆಯ ತೋಟ ಕಾಯ್ದೆ, ವಲಸೆ ಕಾಯ್ದೆ ಎರಡನ್ನೂ ತನ್ನೊಳಗೆ ಸೇರಿಸಿಕೊಂಡಿದೆ. ಹಳೆಯ ಕಿಂಡಿಗಳು ಹೊಸ ನಿಯಮಗಳಲ್ಲೂ ಉಳಿದುಬಿಟ್ಟರೆ ಇನ್ನೊಂದು ತಲೆಮಾರು ಅಲ್ಲೇ ಬೀಳುತ್ತದೆ. ಕೂಲಿ ಲೆಕ್ಕ ತೀರುವವರೆಗೆ, ತೀರಿದ ಮೇಲೂ ಕನಿಷ್ಠ ಹದಿನೈದು ದಿನ ಮನೆ ಬಿಡಿಸಬಾರದೆಂದು ರಾಜ್ಯದ ನಿಯಮಾವಳಿ ಹೇಳಬೇಕು. ತೋಟ ಚಿಕ್ಕದೆಂಬ ನೆವ ಇರಬಾರದು.

ಅಷ್ಟರವರೆಗೆ ಇಲ್ಲೇ ಮಾಡಬಹುದಾದ ಕೆಲಸವಿದೆ. ಯಾವ ಕುಟುಂಬ, ಯಾವ ಮೇಸ್ತ್ರಿಯ ಜೊತೆ, ಯಾವ ತೋಟಕ್ಕೆ, ಎಷ್ಟು ಮುಂಗಡಕ್ಕೆ ಹೊರಟಿತು ಎಂಬುದನ್ನು ಗ್ರಾಮ ಪಂಚಾಯಿತಿ ಬರೆದಿಡಲಿ. ಮುಂಗಡದ ಹೆಸರಲ್ಲಿ ಯಾರನ್ನಾದರೂ ತಡೆದಿಟ್ಟರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ. ಅಂಥವರಿಂದ ಫೋನ್ ಬಂದ ದಿನವೇ ಹರಪನಹಳ್ಳಿ ಉಪವಿಭಾಗಾಧಿಕಾರಿ ಕಚೇರಿಯಿಂದ ಅವರಿರುವ ಜಿಲ್ಲೆಗೆ ಸುದ್ದಿ ಮುಟ್ಟುವಂತೆ ವ್ಯವಸ್ಥೆ ಈಗಲೇ ಆಗಲಿ, ಮೊದಲ ಟೆಂಪೊ ಹೊರಡುವ ಮುಂಚೆ.